ಅದೇ ಹಣ, ಬೇರೆ ಹಂಚಿಕೆ: ನಾಲ್ಕು ಜನರ ಮನೆಯೊಂದರ ದಿನಸಿ ಖರ್ಚಿನ ಪ್ರಕರಣ ಅಧ್ಯಯನ

ಕೈ ಬಿಗಿಯಾದ ತಿಂಗಳಲ್ಲಿ ಮನೆಯ ಸಾಮಾನು ಚೀಟಿಯಿಂದ ಮೊದಲು ಜಾರಿಹೋಗುವುದು ಹಣ್ಣು. ಆಮೇಲೆ ತರಕಾರಿ, ಅದರ ಹಿಂದೆಯೇ ಬೇಳೆಕಾಳು. ಅಕ್ಕಿ, ಎಣ್ಣೆ, ಸಕ್ಕರೆ ಕದಲುವುದಿಲ್ಲ. ಮಕ್ಕಳ ಬಾಯಿಗೆಂದು ತರುವ ಬಿಸ್ಕತ್ತು, ಚಿಪ್ಸ್ ಪೊಟ್ಟಣಗಳೂ ಹಾಗೇ ಉಳಿಯುತ್ತವೆ. ಒಂದೊಂದನ್ನೇ ನೋಡಿದರೆ ಅವು ಅಗ್ಗವಾಗಿಯೇ ಕಾಣುತ್ತವೆ. ಎಲ್ಲರ ಹೊಟ್ಟೆಯೂ ತುಂಬುತ್ತದೆ, ಆದರೆ ತಾಯಿಗೆ ಸುಸ್ತು ಬಿಡುವುದಿಲ್ಲ, ಮಗಳ ರಕ್ತಹೀನತೆ ವಾಸಿಯಾಗುವುದಿಲ್ಲ, ಅಜ್ಜಿಗೆ ಮಲಬದ್ಧತೆ ತಪ್ಪುವುದಿಲ್ಲ.

ಇಲ್ಲಿ ಅಂಥ ಒಂದು ಮನೆಯ ಒಂದು ವಾರದ ಖರ್ಚನ್ನು ಬಿಡಿಸಿ ನೋಡಿದ್ದೇವೆ. ಮನೆ ಲೆಕ್ಕಕ್ಕಾಗಿ ಕಟ್ಟಿಕೊಂಡ ಮಾದರಿ. ಬೆಲೆ ಊರಿಂದ ಊರಿಗೆ, ವಾರದಿಂದ ವಾರಕ್ಕೆ ಬದಲಾಗುವುದರಿಂದ ಹಣವನ್ನು ಯಾವ ನಾಣ್ಯದಲ್ಲೂ ಹೇಳಿಲ್ಲ. ವಾರದ ಒಟ್ಟು ದಿನಸಿ ಖರ್ಚನ್ನು 100 ಪಾಲು ಎಂದು ಇಟ್ಟುಕೊಂಡಿದ್ದೇವೆ. ನಿಮ್ಮ ಮನೆಯ ಮೊತ್ತವನ್ನು ನೂರರಿಂದ ಭಾಗಿಸಿದರೆ ಒಂದು ಪಾಲಿನ ಬೆಲೆ ಸಿಗುತ್ತದೆ. ಅದಕ್ಕೆ ನಿಮ್ಮ ಅಂಗಡಿಯ ದರ ಹೊಂದಿಸಿಕೊಂಡು ಇದೇ ಲೆಕ್ಕ ಮತ್ತೆ ಹಾಕಬಹುದು.

ಮನೆಯಲ್ಲಿರುವವರು

ದುಡಿಯುವ ತಾಯಿ (55 ಕಿಲೋ ತೂಕ), ಅಜ್ಜಿ (68 ವರ್ಷ, 50 ಕಿಲೋ), ಮಗಳು (14 ವರ್ಷ, 45 ಕಿಲೋ), ಮಗ (7 ವರ್ಷ, 22 ಕಿಲೋ). ದಿನಕ್ಕೆ ತಾಯಿಗೆ ಸುಮಾರು 2,000, ಅಜ್ಜಿಗೆ 1,700, ಮಗಳಿಗೆ 2,200, ಮಗನಿಗೆ 1,600 ಕಿಲೋ ಕ್ಯಾಲರಿ ಎಂದು ಹಿಡಿದರೆ ದಿನಕ್ಕೆ 7,500, ವಾರಕ್ಕೆ 52,500. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಅಳತೆ. ಬೆಳೆಯುವ ಮಕ್ಕಳಿಗೆ ಸ್ವಲ್ಪ ಹೆಚ್ಚು ಬೇಕು. ವಯಸ್ಸಾದಂತೆ ಸ್ನಾಯು ಕರಗುವುದರಿಂದ ಅಜ್ಜಿಗೆ ಪ್ರತಿ ಕಿಲೋಗೆ 1 ಗ್ರಾಂ ಇಟ್ಟರೆ ಒಳ್ಳೆಯದು. ಎಲ್ಲ ಸೇರಿ ವಾರಕ್ಕೆ ಸುಮಾರು 1,100 ಗ್ರಾಂ.

ತರಕಾರಿ-ಹಣ್ಣಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹತ್ತು ವರ್ಷ ದಾಟಿದವರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ, 6ರಿಂದ 9 ವರ್ಷದವರಿಗೆ 350 ಗ್ರಾಂ. ಆಲೂಗಡ್ಡೆಯಂಥ ಪಿಷ್ಟದ ಗೆಡ್ಡೆಗಳು ಇದರಲ್ಲಿ ಸೇರುವುದಿಲ್ಲ. ಈ ಮನೆಗೆ ಅದು ವಾರಕ್ಕೆ 10.85 ಕಿಲೋ ಆಗುತ್ತದೆ, ಅದೂ ಸಿಪ್ಪೆ, ದಂಟು, ಬೀಜ ಕಳೆದು ತಟ್ಟೆಗೆ ಬಂದ ತೂಕ.

ಮೊದಲಿನ ಖರ್ಚು

ಅಕ್ಕಿ 6 ಕಿಲೋ, ಗೋಧಿ ಹಿಟ್ಟು 3 ಕಿಲೋ: 26 ಪಾಲು. ಬೇಳೆಕಾಳು 700 ಗ್ರಾಂ: 6. ಎಣ್ಣೆ 1 ಕಿಲೋ: 12. ಸಕ್ಕರೆ 1.2 ಕಿಲೋ ಮತ್ತು ಟೀ-ಕಾಫಿ ಪುಡಿ: 9. ಹಾಲು 4 ಲೀಟರ್: 12. ತರಕಾರಿ 5 ಕಿಲೋ, ಅದರಲ್ಲಿ ಒಂದೂವರೆ ಕಿಲೋ ಆಲೂಗಡ್ಡೆ: 12. ಹಣ್ಣು 1 ಕಿಲೋ: 3. ಮೊಟ್ಟೆ 6 ಮತ್ತು ಕೋಳಿ ಮಾಂಸ 400 ಗ್ರಾಂ: 6. ಬಿಸ್ಕತ್ತು, ಚಿಪ್ಸ್, ನೂಡಲ್ಸ್ ಥರದ ಪೊಟ್ಟಣಗಳು 800 ಗ್ರಾಂ: 14.

ಕೂಡಿಸಿದರೆ ಸುಮಾರು 56,500 ಕಿಲೋ ಕ್ಯಾಲರಿ, ಸುಮಾರು 1,270 ಗ್ರಾಂ ಪ್ರೋಟೀನ್. ಎರಡೂ ಬೇಕಾದ್ದಕ್ಕಿಂತ ಹೆಚ್ಚೇ ಇವೆ. ಇದನ್ನು ನೋಡಿ ಊಟ ಸಾಕಷ್ಟಿದೆ ಎಂದುಕೊಳ್ಳುವುದು ತೀರಾ ಸುಲಭ. ಆದರೆ ಆ ಪ್ರೋಟೀನ್‌ನ ಶೇಕಡ 59 ಅಕ್ಕಿ-ಗೋಧಿಯಿಂದಲೇ ಬರುತ್ತಿದೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಗತ್ಯ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಘಟಕಗಳಲ್ಲೊಂದು) ಕಡಿಮೆ. ಅದು ಕೊರತೆಯಾದರೆ ಉಳಿದ ಪ್ರೋಟೀನನ್ನೂ ಮೈ ಪೂರ್ತಿ ಬಳಸಿಕೊಳ್ಳಲಾರದು. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ, ಕಡಿಮೆಯಿರುವುದು ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ. ಆದ್ದರಿಂದಲೇ ಧಾನ್ಯವನ್ನೂ ಬೇಳೆಯನ್ನೂ ಜೊತೆಗೆ ತಿನ್ನಬೇಕು.

ದೊಡ್ಡ ಕೊರತೆ ತರಕಾರಿಯದ್ದು. ಆಲೂಗಡ್ಡೆ ಬಿಟ್ಟರೆ ತಂದದ್ದು ಮೂರೂವರೆ ಕಿಲೋ. ಅದರಲ್ಲಿ 600 ಗ್ರಾಂ ಕೊಳೆತು, 400 ಗ್ರಾಂ ಹೆಚ್ಚುವಾಗ ಹೋಗಿ, ತಟ್ಟೆಗೆ ಬಂದದ್ದು ಎರಡೂವರೆ. ಒಂದು ಕಿಲೋ ಹಣ್ಣಿನಲ್ಲಿ ತಿನ್ನಲು ಸಿಕ್ಕಿದ್ದು 700 ಗ್ರಾಂ. ಒಟ್ಟು 3.2 ಕಿಲೋ, ಅಂದರೆ ತಲೆಗೆ ದಿನಕ್ಕೆ ಸುಮಾರು 115 ಗ್ರಾಂ. ಬೇಕಾದ್ದರ ಮೂರನೇ ಒಂದು ಭಾಗವೂ ಇಲ್ಲ. ಇತ್ತ ಸಕ್ಕರೆ ಡಬ್ಬಿಯದ್ದು, ಬಿಸ್ಕತ್ತಿನದ್ದು ಸೇರಿ ಸುಮಾರು 1.4 ಕಿಲೋ. ಒಟ್ಟು ಶಕ್ತಿಯ ಶೇಕಡ 10ಕ್ಕಿಂತ ಕಡಿಮೆ ಇರಬೇಕಾದ ಪಾಲು ಗೆರೆಯ ಅಂಚಿಗೇ ಬಂದು ನಿಂತಿದೆ.

ಆರೋಗ್ಯಕರ ಊಟ ದುಬಾರಿ ಎಂಬ ಮಾತು ಸುಳ್ಳೇನಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇತರ ಸಂಸ್ಥೆಗಳೊಡನೆ 2020ರಲ್ಲಿ ಹೊರತಂದ ವರದಿಯ ಲೆಕ್ಕದಲ್ಲಿ, ಬರೀ ಶಕ್ತಿ ಕೊಡುವ ಊಟಕ್ಕಿಂತ ಆರೋಗ್ಯಕರ ಊಟಕ್ಕೆ ಸುಮಾರು ಐದು ಪಟ್ಟು ಹಣ ಬೇಕು. ಜಗತ್ತಿನ 300 ಕೋಟಿಗೂ ಹೆಚ್ಚು ಜನರಿಗೆ ಅದು ಎಟುಕುತ್ತಿರಲಿಲ್ಲ. ಹಾಗಾಗಿ ಬಡ ಮನೆಯವರಿಗೆ ತಿನ್ನಲು ಗೊತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಆದರೆ ಈ ಮನೆಯಂತೆ ನಡುವೆ ಸಿಕ್ಕಿಕೊಂಡವರಿಗೆ, ಅಂದರೆ ಹೊಟ್ಟೆ ತುಂಬಿಸುವಷ್ಟು ಹಣವಿದ್ದು ಅದಕ್ಕಿಂತ ಹೆಚ್ಚಿಲ್ಲದವರಿಗೆ, ಹಂಚಿಕೆ ಬದಲಿಸಿದರೆ ಬಹಳಷ್ಟು ದಕ್ಕುತ್ತದೆ.

ಕಿಲೋ ಬೆಲೆ ನೋಡುವುದರ ತಪ್ಪು

ಅಂಗಡಿಯಲ್ಲಿ ಬೇಳೆಯ ಕಿಲೋ ಬೆಲೆ ಅಕ್ಕಿಯ ಮೂರು ಪಟ್ಟು. ಕೈ ಹಿಂದೆ ಸರಿಯುವುದು ಅಲ್ಲೇ. ಈ ಮನೆ ಕೊಟ್ಟ ದರದಲ್ಲೇ 10 ಗ್ರಾಂ ಪ್ರೋಟೀನ್‌ಗೆ ಎಷ್ಟು ಬಿತ್ತು ಎಂದು ನೋಡಿದರೆ ಚಿತ್ರ ಬೇರೆ. ಗೋಧಿ ಹಿಟ್ಟಿನಲ್ಲಿ 0.26 ಪಾಲು, ಬೇಳೆಯಲ್ಲಿ 0.37, ಕಡಲೆಕಾಯಿ ಬೀಜದಲ್ಲಿ 0.40, ಅಕ್ಕಿಯಲ್ಲಿ 0.41, ಮೊಟ್ಟೆಯಲ್ಲಿ 0.55, ಕೋಳಿಯಲ್ಲಿ 0.6, ಹಾಲಿನಲ್ಲಿ 0.94. ಬಿಸ್ಕತ್ತಿನಲ್ಲಿ ಎರಡೂವರೆ ಪಾಲು, ಅಂದರೆ ಬೇಳೆಯ ಸುಮಾರು ಏಳು ಪಟ್ಟು. ಈ ಲೆಕ್ಕ ಯಾರು ಬೇಕಾದರೂ ಹಾಕಬಹುದು: ಕಿಲೋ ಬೆಲೆಯನ್ನು ಒಂದು ಕಿಲೋದಲ್ಲಿರುವ ಪ್ರೋಟೀನ್ ಗ್ರಾಂಗಳಿಂದ ಭಾಗಿಸಿ ಹತ್ತರಿಂದ ಗುಣಿಸಬೇಕು. ಒಂದು ಕಿಲೋ ಒಣ ಬೇಳೆಕಾಳಿನಲ್ಲಿ ಸುಮಾರು 230 ಗ್ರಾಂ, ಕಡಲೆಕಾಯಿ ಬೀಜದಲ್ಲಿ 250, ಗೋಧಿ ಹಿಟ್ಟಿನಲ್ಲಿ 110, ಅಕ್ಕಿಯಲ್ಲಿ 70, ಒಂದು ಲೀಟರ್ ಹಾಲಿನಲ್ಲಿ 32, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇರುತ್ತದೆ.

ಹಾಲು ಇಲ್ಲಿ ದುಬಾರಿ ಎನಿಸಿದರೂ ಅದನ್ನು ಪ್ರೋಟೀನ್‌ಗಾಗಿ ಮಾತ್ರ ಕೊಳ್ಳುವುದಿಲ್ಲ. 100 ಮಿಲಿ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಜೊತೆಗೆ ಗಿಡಮೂಲದ ಊಟದಲ್ಲಿ ಸಿಗದ ಬಿ12 ಜೀವಸತ್ವ ಇದೆ. ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದವರು ಬಿ12 ಸೇರಿಸಿದ ಆಹಾರವನ್ನೋ ಮಾತ್ರೆಯನ್ನೋ ಆಶ್ರಯಿಸಲೇಬೇಕು. ಅದಕ್ಕೆ ಅಡುಗೆಮನೆಯಲ್ಲಿ ಬೇರೆ ದಾರಿಯಿಲ್ಲ.

ತರಕಾರಿಗೆ ನೋಡಬೇಕಾದ್ದು ತಿನ್ನಲು ಸಿಗುವ ಭಾಗ. ಸಿಪ್ಪೆಸಹಿತ ಬಟಾಣಿಯಲ್ಲಿ ಕಾಳು ಸಿಗುವುದು ತೂಕದ ಸುಮಾರು ಶೇಕಡ 40, ಎಲೆಕೋಸಿನಲ್ಲಿ ತಿನ್ನಲು ಸಿಗುವುದು ಶೇಕಡ 80ಕ್ಕೂ ಹೆಚ್ಚು. ಎರಡಕ್ಕೂ ಒಂದೇ ಕಿಲೋ ಬೆಲೆಯಿದ್ದರೆ ಬಟಾಣಿ ನಿಜದಲ್ಲಿ ಎರಡು ಪಟ್ಟು ದುಬಾರಿ. ಬಾಳೆಹಣ್ಣಿನ ತೂಕದಲ್ಲಿ ಮೂರನೇ ಒಂದು ಭಾಗ ಸಿಪ್ಪೆಯೇ.

ಹೊಸ ಹಂಚಿಕೆ

22 ಪಾಲು ಜಾಗ ಬದಲಿಸಿತು. ಪೊಟ್ಟಣದ ತಿಂಡಿಯಿಂದ 12, ಸಕ್ಕರೆ-ಟೀಯಿಂದ 4, ಎಣ್ಣೆಯಿಂದ 3, ಧಾನ್ಯದಿಂದ 3 ಪಾಲು ಬಂದವು. ಧಾನ್ಯದ ಮೂರರಲ್ಲಿ ಒಂದೂವರೆಯಷ್ಟು ತಿನ್ನುವುದನ್ನು ಕಡಿಮೆ ಮಾಡಿ ಬಂದದ್ದಲ್ಲ. ಮೊದಲಿನ ವಾರದಲ್ಲಿ ಮಿಕ್ಕಿ ಚೆಲ್ಲಿದ ಅನ್ನ ಒಂದೂವರೆ ಕಿಲೋ, ಅಂದರೆ ಹತ್ತಿರಹತ್ತಿರ 550 ಗ್ರಾಂ ಅಕ್ಕಿ. ಕೊಳೆತ ತರಕಾರಿಯ ಬೆಲೆಯೂ ಸುಮಾರು ಅಷ್ಟೇ. ಎರಡೂ ಸೇರಿ ವಾರಕ್ಕೆ ಮೂರು ಪಾಲು ಕಸದ ಬುಟ್ಟಿಗೆ ಹೋಗುತ್ತಿತ್ತು, ಅದು ಇಡೀ ಮನೆಯ ಹಣ್ಣಿನ ಖರ್ಚಿನಷ್ಟು. ಯಾವ ಬದಲಾವಣೆಗೂ ಮೊದಲು ಒಂದು ವಾರ ಎರಡು ಪಾತ್ರೆ ಇಟ್ಟು, ಚೆಲ್ಲುವ ಅಡುಗೆಯನ್ನು ಒಂದರಲ್ಲೂ ಕೊಳೆತದ್ದನ್ನು ಇನ್ನೊಂದರಲ್ಲೂ ಹಾಕಿ ತೂಗುವುದು ಒಳ್ಳೆಯದು. ಅಂಕಿ ಕಣ್ಣಿಗೆ ಬಿದ್ದ ಮೇಲೆ ವಾದಕ್ಕೆ ಜಾಗವಿರುವುದಿಲ್ಲ.

ಆ 22 ಪಾಲು ಹೋದದ್ದು ಹೀಗೆ: ಬೇಳೆಕಾಳು ಮತ್ತು ಕಡಲೆಕಾಯಿ ಬೀಜಕ್ಕೆ 10, ತರಕಾರಿಗೆ 5, ಹಾಲಿಗೆ 3, ಹಣ್ಣಿಗೆ 2, ಮೊಟ್ಟೆಗೆ 2. ಹೊಸ ಚೀಟಿಯಲ್ಲಿ ಅಕ್ಕಿ 5 ಕಿಲೋ ಮತ್ತು ಗೋಧಿ ಹಿಟ್ಟು 3 ಕಿಲೋ (23), ಬೇಳೆಕಾಳು 1.4 ಕಿಲೋ ಮತ್ತು ಕಡಲೆಕಾಯಿ ಬೀಜ 400 ಗ್ರಾಂ (16), ಎಣ್ಣೆ 750 ಗ್ರಾಂ (9), ಸಕ್ಕರೆ 600 ಗ್ರಾಂ ಮತ್ತು ಟೀ (5), ಹಾಲು 5 ಲೀಟರ್ (15), ತರಕಾರಿ 8.5 ಕಿಲೋ (17), ಹಣ್ಣು 1.7 ಕಿಲೋ (5), ಮೊಟ್ಟೆ 12 ಮತ್ತು ಕೋಳಿ 400 ಗ್ರಾಂ (8), ಪೊಟ್ಟಣದ ತಿಂಡಿ (2). ಮೊಟ್ಟೆ-ಮಾಂಸ ತಿನ್ನದ ಮನೆಯವರು ಆ 8 ಪಾಲಿನಲ್ಲಿ 400 ಗ್ರಾಂ ಬೇಳೆಕಾಳು, ಒಂದೂವರೆ ಲೀಟರ್ ಹಾಲು ಹೆಚ್ಚಿಗೆ ತಂದರೆ ಪ್ರೋಟೀನ್ ಅಷ್ಟೇ ಸಿಗುತ್ತದೆ.

ಇಷ್ಟರಿಂದ ಪ್ರೋಟೀನ್ ವಾರಕ್ಕೆ ಸುಮಾರು 1,520 ಗ್ರಾಂಗೆ ಏರುತ್ತದೆ, ಅದರಲ್ಲಿ ಧಾನ್ಯದ ಪಾಲು ಶೇಕಡ 45ಕ್ಕೆ ಇಳಿಯುತ್ತದೆ. ಸಕ್ಕರೆ ಒಟ್ಟು ಶಕ್ತಿಯ ಶೇಕಡ 5ರ ಆಸುಪಾಸಿಗೆ ಬರುತ್ತದೆ. ತಟ್ಟೆಗೆ ಬರುವ ತರಕಾರಿ-ಹಣ್ಣು ಏಳೂವರೆ ಕಿಲೋ, ತಲೆಗೆ ದಿನಕ್ಕೆ ಸುಮಾರು 270 ಗ್ರಾಂ. ಗುರಿ ಮುಟ್ಟಲಿಲ್ಲ. ಈ ಹಣದಲ್ಲಿ ಮುಟ್ಟುವುದು ಕಷ್ಟ, ಆದರೆ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚು ಸಿಕ್ಕಿದೆ. ಸುಗ್ಗಿಯಲ್ಲಿ ಒಂದು ತರಕಾರಿ ತೀರಾ ಅಗ್ಗವಾದ ವಾರ ಅದನ್ನೇ ಎರಡು ಕಿಲೋ ಹೆಚ್ಚಿಗೆ ತರುವುದು, ಮೂಲಂಗಿ, ಬೀಟ್‌ರೂಟ್ ಸೊಪ್ಪನ್ನು ಎಸೆಯದೆ ಬೇಯಿಸುವುದು ಇವುಗಳಿಂದ ಇನ್ನಷ್ಟು ಹತ್ತಿರ ಹೋಗಬಹುದು.

ಶಕ್ತಿ ಸುಮಾರು 52,500, ಬೇಕಾದಷ್ಟೇ ಇದೆ. ಈ ಚೀಟಿಯಲ್ಲಿ ಸಡಿಲವಿಲ್ಲ. ಅನ್ನ ಚೆಲ್ಲಿದರೆ ಅಷ್ಟೂ ಯಾರದ್ದೋ ಹೊಟ್ಟೆಯಿಂದ ಕಳೆದಂತೆ. ಮಕ್ಕಳು ಊಟವಾದ ಮೇಲೂ ಹಸಿವು ಎಂದರೆ ಟೀ-ಸಕ್ಕರೆಯ ಪಾಲಿನಿಂದ ಒಂದೂವರೆ ತೆಗೆದು ಅರ್ಧ ಕಿಲೋ ಹಿಟ್ಟು ಹೆಚ್ಚಿಸಬೇಕು.

ಚೀಟಿ ಹೀಗೆ ಹಗ್ಗದ ಮೇಲಿನ ನಡಿಗೆಯಾದಾಗ ಇನ್ನೂ ಅಗ್ಗದ್ದು ಬೇರೇನಾದರೂ ಇದೆಯೇ ಎಂದು ಹುಡುಕುವುದು ಸಹಜ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಇದೇ ಪ್ರಶ್ನೆಯನ್ನು ಗಣಿತವಾಗಿ ಎತ್ತಿಕೊಂಡಿದ್ದರು: 77 ಆಹಾರಗಳಲ್ಲಿ ಯಾವುವನ್ನು ಎಷ್ಟೆಷ್ಟು ತಿಂದರೆ ಒಂಬತ್ತು ಪೋಷಕಾಂಶಗಳ ಅಗತ್ಯ ಅತಿ ಕಡಿಮೆ ಖರ್ಚಿನಲ್ಲಿ ತೀರುತ್ತದೆ? ಅವರಿಗೆ ಸಿಕ್ಕ ಉತ್ತರದಲ್ಲಿ ಉಳಿದದ್ದು ಐದೇ ಪದಾರ್ಥ: ಗೋಧಿ ಹಿಟ್ಟು, ಮಂದ ಮಾಡಿದ ಹಾಲು, ಎಲೆಕೋಸು, ಪಾಲಕ್, ಒಣ ಬಿಳಿ ಬೀನ್ಸ್ ಕಾಳು. ವರ್ಷವಿಡೀ ಅದನ್ನೇ ತಿನ್ನಲು ಯಾರಿಂದಲೂ ಆಗದು, ಅವರೂ ಹಾಗೆ ತಿನ್ನಿ ಎನ್ನಲಿಲ್ಲ. ಆದರೂ ಧಾನ್ಯ, ಕಾಳು, ಹಾಲು, ಸೊಪ್ಪು, ಕೋಸು ಎಂಬ ಆ ಎಲುಬುಗೂಡು ಇಂದಿಗೂ ಗಟ್ಟಿ. ಅದರ ಸುತ್ತ ವಾರಕ್ಕೆ ಮೂರು ಬಗೆಯ ಕಾಳು, ಆರೇಳು ಬಗೆಯ ತರಕಾರಿ ಬಂದರೆ ಮನೆಯವರು ಬೇಸರವಿಲ್ಲದೆ ತಿನ್ನುತ್ತಾರೆ.

ಬೇಳೆಕಾಳು: ಯೋಜನೆ ಉಳಿಯುವುದೂ ಕೆಡುವುದೂ ಇಲ್ಲೇ

ದಿನಕ್ಕೆ 200 ಗ್ರಾಂ ಒಣ ಕಾಳು, ಬೆಂದ ಮೇಲೆ ಸುಮಾರು 500 ಗ್ರಾಂ, ತಲೆಗೆ 125. ಮೊದಲು ದಿನಕ್ಕೆ 100 ಗ್ರಾಂ ಬಳಸುತ್ತಿದ್ದ ಮನೆ ಒಮ್ಮೆಗೇ 200ಕ್ಕೆ ಏರಿದರೆ ಎಲ್ಲರಿಗೂ ಹೊಟ್ಟೆಯುಬ್ಬರ. ಎರಡೇ ದಿನದಲ್ಲಿ "ಕಾಳು ನಮಗೆ ಒಗ್ಗುವುದಿಲ್ಲ" ಎಂಬ ತೀರ್ಮಾನ ಆಗಿಹೋಗುತ್ತದೆ. ಕಾಳಿನಲ್ಲಿರುವ ಕೆಲವು ಸಕ್ಕರೆಗಳು ಸಣ್ಣ ಕರುಳಿನಲ್ಲಿ ಅರಗದೆ ಮುಂದೆ ಹೋಗಿ ಅಲ್ಲಿನ ಸೂಕ್ಷ್ಮಜೀವಿಗಳಿಂದ ಹುದುಗಿ ಗ್ಯಾಸ್ ಆಗುತ್ತದೆ. ಮೊದಲ ವಾರ 130 ಗ್ರಾಂ, ಎರಡನೇ ವಾರ 165, ಮೂರನೇ ವಾರ 200 ಎಂದು ಏರಿಸಬೇಕು. ನೆನೆಸಿದ ನೀರನ್ನು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಆ ಸಕ್ಕರೆಗಳ ಒಂದು ಭಾಗ ಹೊರಟುಹೋಗುತ್ತದೆ. ಸಿಪ್ಪೆ ತೆಗೆದು ಒಡೆದ ಬೇಳೆ ಇಡೀ ಕಾಳಿಗಿಂತ ಸಲೀಸಾಗಿ ಅರಗುತ್ತದೆ. ಅಜ್ಜಿಗೆ ಅದೇ ವಾಸಿ.

ಕಡಲೆಯಂಥ ಗಟ್ಟಿ ಕಾಳು 8ರಿಂದ 12 ಗಂಟೆ ನೆನೆಯಬೇಕು. ಸೆಕೆಗಾಲದಲ್ಲಿ ನಡುವೆ ಒಮ್ಮೆ ನೀರು ಬದಲಿಸದಿದ್ದರೆ ಹುಳಿ ವಾಸನೆ ಬರುತ್ತದೆ. ನೆನೆಸದೆ ಕುಕ್ಕರ್‌ಗೆ ಹಾಕಿದರೆ ಇಂಧನ ಹೆಚ್ಚು ಹಿಡಿಯುತ್ತದೆ, ಹೊರಗೆ ಒಡೆದು ಒಳಗೆ ಗಟ್ಟಿ ಉಳಿಯುತ್ತದೆ. ಎಷ್ಟು ಹೊತ್ತಾದರೂ ಬೇಯದ ಕಾಳಿಗೆ ಕಾರಣ ಸಾಮಾನ್ಯವಾಗಿ ಮೂರರಲ್ಲೊಂದು. ಟೊಮೇಟೊ ಅಥವಾ ಬೇರೆ ಹುಳಿಯನ್ನು ಮೊದಲೇ ಹಾಕಿರುವುದು, ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ಗಡಸುತನ, ಇಲ್ಲವೇ ಬಿಸಿ-ತೇವದಲ್ಲಿ ತಿಂಗಳುಗಟ್ಟಲೆ ಕೂತ ಹಳೆಯ ಕಾಳು. ಹುಳಿಯನ್ನು ಕಾಳು ಬೆಂದ ಮೇಲೆಯೇ ಸೇರಿಸಬೇಕು. ಸೋಡಾ ಹಾಕಿದರೆ ಬೇಗ ಮೆತ್ತಗಾಗುವುದು ನಿಜ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ. ಬೇರೆ ಉಪಾಯವಿಲ್ಲದಾಗ ಒಂದು ಚಿಟಿಕೆ ಸಾಕು.

ರಾಜ್ಮಾಕ್ಕೆ ಪ್ರತ್ಯೇಕ ಎಚ್ಚರಿಕೆ ಬೇಕು. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಸರಿಯಾಗಿ ಬೇಯದಿದ್ದರೆ ನಾಲ್ಕೈದು ಕಾಳೇ ವಾಂತಿ-ಭೇದಿ ತರಬಲ್ಲದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿ ಬಂದ ಮೇಲೆ ಕನಿಷ್ಠ 30 ನಿಮಿಷ ಚೆನ್ನಾಗಿ ಕುದಿಸಬೇಕು. ಕುದಿಬಿಂದು ಮುಟ್ಟದ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ವಿಷ ನಾಶವಾಗುವುದಿಲ್ಲ, ಹೆಚ್ಚಲೂಬಹುದು.

ಫ್ರಿಜ್ ಇದ್ದರೆ 400 ಗ್ರಾಂ ಒಮ್ಮೆಗೇ ಬೇಯಿಸಿ, ಅರ್ಧವನ್ನು ಹುಳಿ-ಖಾರ ಹಾಕದೆ ಮುಚ್ಚಿಟ್ಟು ಮೂರು ದಿನದೊಳಗೆ ಮುಗಿಸಬಹುದು. ಫ್ರಿಜ್ ಇಲ್ಲದಿದ್ದರೆ ದಿನಾ ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಮರುದಿನದ ಕಾಳನ್ನು ನೀರಿಗೆ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು. ಕಾಳಿನ ಯೋಜನೆ ಮುರಿದುಬೀಳುವುದು ಹಣದ ಕೊರತೆಯಿಂದಲ್ಲ, ನೆನೆಸಲು ಮರೆತು. ಮರೆತ ದಿನಕ್ಕೆಂದು ನೆನೆಸದೆಯೇ ಇಪ್ಪತ್ತು-ಮೂವತ್ತು ನಿಮಿಷದಲ್ಲಿ ಬೇಯುವ ಮಸೂರ ಬೇಳೆ ಅಥವಾ ಹೆಸರುಬೇಳೆ ಅರ್ಧ ಕಿಲೋ ಡಬ್ಬಿಯಲ್ಲಿ ಇರಲೇಬೇಕು.

ಹೆಸರುಕಾಳನ್ನು 8 ಗಂಟೆ ನೆನೆಸಿ ಬಸಿದು ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಟ್ಟರೆ ಮೊಳಕೆ ಬರುತ್ತದೆ, ಸಿ ಜೀವಸತ್ವ ಹುಟ್ಟುತ್ತದೆ, ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಇಳಿಯುತ್ತದೆ. ಮೊಳಕೆಗೆ ಹಿತವಾದ ಬೆಚ್ಚನೆಯ ತೇವ ರೋಗಾಣುಗಳಿಗೂ ಹಿತ. ಆದ್ದರಿಂದ ಅಜ್ಜಿಗೂ ಮಗನಿಗೂ ಹಸಿಯಾಗಿ ಕೊಡದೆ ಬೇಯಿಸಿ ಕೊಡಬೇಕು.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ. ಪಾತ್ರೆ ತುಂಬಿರಲಿ ಎಂದು ನೀರು ಹೆಚ್ಚಿಸಿದರೆ ಊಟದಲ್ಲಿ ಬೇಳೆ ಇದೆ ಎಂದು ಅನಿಸುತ್ತದೆ, ಇರುವುದು ತಿಳಿನೀರು. ಒಣ ಕಾಳನ್ನೇ ಅಳೆಯಬೇಕು. 200 ಗ್ರಾಂ ಹಿಡಿಯುವ ಲೋಟವೊಂದನ್ನು ಡಬ್ಬಿಯೊಳಗೇ ಇಟ್ಟರೆ ಸಾಕು.

ತರಕಾರಿ ಬಳಸುವ ಸರದಿ

8.5 ಕಿಲೋ ಹೀಗೆ ಹಂಚಿದೆ: ಸೊಪ್ಪು 1.2, ಟೊಮೇಟೊ 1, ಎಲೆಕೋಸು 1.3, ಕ್ಯಾರೆಟ್ 1, ಕುಂಬಳ 1.2, ಈರುಳ್ಳಿ 1.2, ಆ ವಾರ ಅಗ್ಗವಾದ ಯಾವುದಾದರೂ 0.6, ಆಲೂಗಡ್ಡೆ 1. ತಂದ ಮೊದಲ ಎರಡು ದಿನ ಸೊಪ್ಪು, ಆಮೇಲೆ ಟೊಮೇಟೊ ಮತ್ತು ಅಗ್ಗದ ತರಕಾರಿ, ವಾರದ ಕೊನೆಗೆ ಕೋಸು, ಕ್ಯಾರೆಟ್, ಕುಂಬಳ. ಗಟ್ಟಿ ತರಕಾರಿಯನ್ನು ಮೊದಲು ಮುಗಿಸಿ ಸೊಪ್ಪನ್ನು ನಾಲ್ಕನೇ ದಿನಕ್ಕೆ ಉಳಿಸಿದ್ದರಿಂದಲೇ ಹಳೆಯ ವಾರದಲ್ಲಿ 600 ಗ್ರಾಂ ಕೊಳೆತದ್ದು.

ಸೊಪ್ಪನ್ನು ತೊಳೆಯದೆ, ಕೊಳೆತ ಎಲೆ ಆರಿಸಿ, ಒಣ ಬಟ್ಟೆಯಲ್ಲಿ ಸುತ್ತಿಡಬೇಕು. ಹಣ್ಣಾಗುತ್ತಿರುವ ಬಾಳೆ, ಟೊಮೇಟೊ ಎಥಿಲೀನ್ ಅನಿಲ ಬಿಡುವುದರಿಂದ ಪಕ್ಕದಲ್ಲಿಟ್ಟ ಸೊಪ್ಪು ಬೇಗ ಹಳದಿಯಾಗುತ್ತದೆ. ಆಲೂಗಡ್ಡೆಯನ್ನು ಈರುಳ್ಳಿಯಿಂದ ದೂರ, ಕತ್ತಲಲ್ಲಿ ಇಡಬೇಕು. ಬೆಳಕಿಗೆ ಹಸಿರಾದ ಭಾಗದಲ್ಲಿ ವಿಷಾಂಶ ಹೆಚ್ಚುತ್ತದೆ, ದಪ್ಪಗೆ ಕೆತ್ತಿ ತೆಗೆಯಬೇಕು, ಪೂರ್ತಿ ಹಸಿರಾಗಿದ್ದರೆ ಎಸೆಯಬೇಕು.

ಮಗಳ ಕಬ್ಬಿಣದ ಕೊರತೆಗೆ ತರಕಾರಿಯ ಪ್ರಮಾಣದಷ್ಟೇ ಜೊತೆಯೂ ಮುಖ್ಯ. ಕಾಳು-ಸೊಪ್ಪಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಅದೇ ಊಟದಲ್ಲಿ ಹಸಿ ಟೊಮೇಟೊ, ಹಸಿ ಕೋಸು, ಒಲೆಯಿಂದ ಇಳಿಸಿದ ಮೇಲೆ ಹಿಂಡಿದ ನಿಂಬೆ ಇದ್ದರೆ ಸಿ ಜೀವಸತ್ವದಿಂದ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆ ಕುಡಿದ ಟೀ-ಕಾಫಿ ಅದನ್ನು ಗಣನೀಯವಾಗಿ ತಗ್ಗಿಸುತ್ತದೆ, ಹಾಗಾಗಿ ಒಂದು ಗಂಟೆಯ ಅಂತರ ಬೇಕು. ಈ ಬದಲಾವಣೆಗೆ ಖರ್ಚೇ ಇಲ್ಲ. ಪರೀಕ್ಷೆಯಲ್ಲಿ ರಕ್ತಹೀನತೆ ಕಂಡಿದ್ದರೆ ಊಟವೊಂದೇ ಸಾಲದು, ವೈದ್ಯರು ಬರೆದ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲೇಬೇಕು.

ಎಣ್ಣೆ, ಉಪ್ಪು, ತಿಂಡಿ

ವಾರದ 750 ಗ್ರಾಂ ಎಣ್ಣೆ ಎಂದರೆ ಸುಮಾರು 815 ಮಿಲಿ. ಅದನ್ನು ವಾರದ ಮೊದಲ ದಿನ ಬೇರೆ ಬಾಟಲಿಗೆ ಸುರಿದಿಟ್ಟು ಚಮಚದಲ್ಲಿ ಅಳೆದು ಬಳಸಬೇಕು, ತಲೆಗೆ ದಿನಕ್ಕೆ ಆರು ಟೀ ಚಮಚ. ಇನ್ನೂ ಇಳಿಸುವ ಆಸೆ ಬೇಡ. ಸಣ್ಣ ಹೊಟ್ಟೆಯ ಮಗನಿಗೆ ಸ್ವಲ್ಪ ಊಟದಲ್ಲೇ ಸಾಕಷ್ಟು ಶಕ್ತಿ ಬರಬೇಕಾದರೆ ಎಣ್ಣೆ ಬೇಕು. ಉಪ್ಪು ದಿನಕ್ಕೆ ತಲೆಗೆ 5 ಗ್ರಾಂ ಮೀರಬಾರದು. ಒಂದು ಕಿಲೋ ಅಯೋಡಿನ್ ಉಪ್ಪಿನ ಪೊಟ್ಟಣ ಈ ಮನೆಯಲ್ಲಿ ಏಳು ವಾರಕ್ಕೆ ಮೊದಲೇ ಖಾಲಿಯಾದರೆ ಕೈ ಜಾಸ್ತಿಯಾಗಿದೆ ಎಂದೇ ಅರ್ಥ.

ಪೊಟ್ಟಣದ ತಿಂಡಿ ನಿಲ್ಲಿಸಿ ಆ ಜಾಗದಲ್ಲಿ ಏನೂ ಇಡದಿದ್ದರೆ ಯೋಜನೆ ಸಂಜೆಯೊಳಗೆ ಮುಗಿಯುತ್ತದೆ. ಶಾಲೆಯಿಂದ ಬರುವ ಮಕ್ಕಳಿಗೆ ಹಸಿವು ನಿಜವಾದದ್ದು. ಮಧ್ಯಾಹ್ನಕ್ಕೆ ಬೇಯಿಸಿದ ಕಡಲೆಯಲ್ಲಿ ಒಂದು ಬಟ್ಟಲು ಎತ್ತಿಡುವುದು, ಹುರಿದ ಕಡಲೆಕಾಯಿ ಬೀಜ ತಲೆಗೆ ಒಂದು ಹಿಡಿ, ಒಂದು ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಹೀಗೆ ಅವರು ಮನೆಗೆ ಬರುವ ಮೊದಲೇ ಸಿದ್ಧವಿರಬೇಕು. (ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.) ಎರಡು ಪಾಲನ್ನು ಪೊಟ್ಟಣಕ್ಕೇ ಬಿಟ್ಟಿರುವುದು ಬೇಕೆಂದೇ. ಮಕ್ಕಳಿಗೆ ವಾರಕ್ಕೊಂದು ದಿನ ಅದು ಸಿಗಲಿ.

ಮಿಕ್ಕ ಅನ್ನವನ್ನು ಎರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಆರಿಸಿ ಫ್ರಿಜ್‌ಗೆ ಇಡಬೇಕು. ರಾತ್ರಿಯಿಡೀ ಹೊರಗಿದ್ದ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬಿಟ್ಟ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ಅಕ್ಕಿಯನ್ನು ಹೊತ್ತುಹೊತ್ತಿಗೆ ಅಳೆದು ಹಾಕುವುದೇ ದಾರಿ.

ಬಡಿಸುವಾಗ

ಚೀಟಿಯಲ್ಲಿ ಸರಿಯಾದದ್ದು ತಟ್ಟೆಯಲ್ಲಿ ತಪ್ಪಬಹುದು. ಬಡಿಸುವವರು ಕೊನೆಗೆ ಉಣ್ಣುವ ಮನೆಯಲ್ಲಿ ತಾಯಿಗೆ ಉಳಿಯುವುದು ಅನ್ನ ಮತ್ತು ತಿಳಿ. ಇಡೀ ವಾರ ಲೆಕ್ಕ ಹಾಕಿ ತಂದ ಕಾಳು ಅವರಿಗೇ ಸಿಗದಿದ್ದರೆ ಈ ಕೆಲಸಕ್ಕೆ ಬೆಲೆಯಿಲ್ಲ. ಊಟಕ್ಕೆ ಕೂರುವ ಮೊದಲೇ ಕಾಳನ್ನೂ ತರಕಾರಿಯನ್ನೂ ನಾಲ್ಕು ಬಟ್ಟಲಿಗೆ ಹಂಚಿಡಬೇಕು, ಅನ್ನ-ರೊಟ್ಟಿ ಬೇಕಾದಷ್ಟು ಹಾಕಿಕೊಳ್ಳಲಿ. ದಿನದ 700 ಮಿಲಿ ಹಾಲನ್ನು ಮಗಳಿಗೆ 250, ಮಗನಿಗೆ 200, ಅಜ್ಜಿಗೆ 150, ತಾಯಿಗೆ 100 ಎಂದು ಹಂಚಿದೆ. ಟೀಗೆ ಹೋಗುವ ಹಾಲೂ ಇದರಲ್ಲೇ ಸೇರಿದೆ. ಅಜ್ಜಿಗೆ ಮೂತ್ರಪಿಂಡದ ತೊಂದರೆ ಇದ್ದರೆ ಪ್ರೋಟೀನ್, ಕಾಳು, ಸೊಪ್ಪಿನ ಅಳತೆ ಬೇರೆಯೇ ಆಗುತ್ತದೆ, ಅದನ್ನು ವೈದ್ಯರೇ ಹೇಳಬೇಕು.

ಹಣ ಇನ್ನೂ ಕಡಿಮೆಯಾದರೆ

ಒಂದು ವಾರ 80 ಪಾಲೇ ಕೈಯಲ್ಲಿದೆ ಎಂದುಕೊಳ್ಳೋಣ. ಕಾಳು, ಮೊಟ್ಟೆ ಮುಟ್ಟದೆ ಕತ್ತರಿಸುತ್ತಾ ಹೋದರೆ ಪೊಟ್ಟಣ 2, ಕೋಳಿ 4, ಸಕ್ಕರೆ-ಟೀ 3, ಹಣ್ಣು 3, ಹಾಲು 4.5, ತರಕಾರಿ 2, ಎಣ್ಣೆ 1.5. ಇಪ್ಪತ್ತು ಪಾಲು ಸಿಕ್ಕಿತು. ಆದರೆ ಅವುಗಳೊಡನೆ ಸುಮಾರು 5,300 ಕಿಲೋ ಕ್ಯಾಲರಿಯೂ ಹೋಯಿತು. ಅದನ್ನು ತುಂಬಲು ಒಂದೂವರೆ ಕಿಲೋ ಧಾನ್ಯ ಬೇಕು, ಅದಕ್ಕೆ 4.3 ಪಾಲು. ಹಾಗಾಗಿ ಈ ಮನೆ ಹಸಿವಿಲ್ಲದೆ, ಕಾಳು-ಮೊಟ್ಟೆ ಬಿಡದೆ ಇಳಿಯಬಹುದಾದ ಮಟ್ಟ ಸುಮಾರು 84 ಪಾಲು. ಅದೂ ಒಂದೆರಡು ವಾರಕ್ಕೆ ಸರಿ, ತಿಂಗಳುಗಟ್ಟಲೆ ಆದರೆ ಮಗಳಿಗೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ.

ಅದಕ್ಕಿಂತ ಕೆಳಗೆ ಹೋದಾಗ ಜಾಣ ಖರೀದಿಯಿಂದ ಏನೂ ಆಗದು. ಆಗ ಪಡಿತರ, ಶಾಲೆಯ ಊಟ, ಸಮುದಾಯದ ಅಡುಗೆಮನೆ, ಆರೋಗ್ಯ ಕೇಂದ್ರದ ಕಬ್ಬಿಣದ ಮಾತ್ರೆ ಹೀಗೆ ಎಲ್ಲಿ ಏನು ಸಿಗುತ್ತದೋ ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು. ಹಾಗೆ ಧಾನ್ಯ ಹೊರಗಿನಿಂದ ಬಂದರೆ ಅದರ 23 ಪಾಲನ್ನು ಬೇರೆ ಖರ್ಚಿಗೆ ತಿರುಗಿಸುವ ಮೊದಲು ಹಾಲು, ತರಕಾರಿ, ಹಣ್ಣನ್ನು ಮೊದಲಿನ ಅಳತೆಗೆ ತರಬೇಕು. ಮಕ್ಕಳ ತೂಕ-ಎತ್ತರವನ್ನು ಮೂರು ತಿಂಗಳಿಗೊಮ್ಮೆ ಅಳೆದು ಬರೆದಿಡಬೇಕು. ಮಗನ ತೂಕ ಎರಡು ಅಳತೆಯಲ್ಲೂ ಏರದಿದ್ದರೆ ಚೀಟಿ ತಿದ್ದುತ್ತಾ ಕೂರದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.